ನಮ್ಮ ಶಾಲೆಯ ಅಂಗಳದಿಂದ ಕಾಣುವ ಆಕಾಶ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2025ರ ಡಿಸೆಂಬರ್ 27ರ ಶನಿವಾರ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವಾಗತ ಸಮಿತಿಯವರು ಫೋನ್ ಮಾಡಿ, “ನೀನು ಬಿ.ಇ. ಓದಿದವ, ಕಂಪ್ಯೂಟರ್ ಬಗ್ಗೆ ಮಾತಾಡು” ಎಂದರು. ಕಂಪ್ಯೂಟರ್ ಈಗ ಎಲ್ಲರ ಕಿಸೆಯಲ್ಲೂ ಇದೆ. ಅದರ ಬಗ್ಗೆ ನನಗಿಂತ ಚೆನ್ನಾಗಿ ಒಂಬತ್ತನೇ ತರಗತಿಯ ಮಕ್ಕಳೇ ಹೇಳಿಯಾರು. ಎಲ್ಲರ ತಲೆಯ ಮೇಲೂ ಇದ್ದು, ದಿನಾ ನೋಡಿಯೂ ನಾವು ಲೆಕ್ಕ ಹಾಕದ ಒಂದು ವಿಷಯ ಹೇಳುತ್ತೇನೆ ಎಂದೆ. ಅವರು ಒಪ್ಪಿದರು. ಭೂಮಿ ಮತ್ತು ಚಂದ್ರ ಹೇಗೆ ಚಲಿಸುತ್ತವೆ, ಆ ಚಲನೆಯಿಂದ ನಮ್ಮ ಅಂಗಳದಲ್ಲಿ ನಿಂತವರಿಗೆ ಏನೇನು ಕಾಣುತ್ತದೆ ಎಂಬುದೇ ಆ ವಿಷಯ. ನಾನು ಖಗೋಳ ವಿಜ್ಞಾನಿಯಲ್ಲ. ಆದರೆ ಇದನ್ನು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ, ದುರ್ಬೀನೂ ಬೇಡ.

ಶಾಲೆಗೆ ಐವತ್ತು ತುಂಬಿತು ಎಂದು ಬೆಳಗಿನಿಂದ ಎಲ್ಲರೂ ಹೇಳಿದರು. 1975ರಲ್ಲಿ ಎಲ್ಲಿ ಅಡಿಪಾಯ ಹಾಕಿದರೋ ಅಲ್ಲೇ ಇದೆ, ಒಂದು ಅಂಗುಲವೂ ಸರಿದಿಲ್ಲ. ಆದರೆ ಇನ್ನೊಂದು ಲೆಕ್ಕ ಕೇಳಿ. ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಬರಲು ಸುಮಾರು 94 ಕೋಟಿ ಕಿಲೋಮೀಟರ್ ನಡೆಯಬೇಕು. ಐವತ್ತು ವರ್ಷಕ್ಕೆ ಐವತ್ತು ಸುತ್ತು. ಅಂದರೆ ಈ ಕಟ್ಟಡ, ಈ ಬೇವಿನ ಮರ, ಬಾವಿ, ಧ್ವಜಸ್ತಂಭ ಎಲ್ಲ ಸೇರಿ ಸುಮಾರು 4700 ಕೋಟಿ ಕಿಲೋಮೀಟರ್ ಪ್ರಯಾಣ ಮಾಡಿವೆ. ನಲವತ್ತು ನಿಮಿಷದ ಒಂದು ಪಿರಿಯಡ್ ಮುಗಿಯುವುದರೊಳಗೆ ಕ್ಲಾಸಿನ ಹುಡುಗರೆಲ್ಲ 70 ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತಾರೆ. ಹಿಂದಿನ ಬೆಂಚಿನಲ್ಲಿ ನಿದ್ದೆ ಹೋದವರೂ ಹೋಗಿರುತ್ತಾರೆ.

ಇಷ್ಟು ಓಡಿದರೂ ನಮಗೆ ಗೊತ್ತಾಗುವುದಿಲ್ಲ ಯಾಕೆ? ಗದಗ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತವರಿಗೆ ಇದು ಗೊತ್ತು. ಪಕ್ಕದ ಹಳಿಯ ರೈಲು ಹೊರಟಾಗ, ನಮ್ಮ ರೈಲೇ ಹೊರಟಿತು ಎನ್ನಿಸುತ್ತದೆ. ಪ್ಲಾಟ್‌ಫಾರ್ಮಿನ ಕಂಬ ನೋಡಿದ ಮೇಲೆಯೇ ಯಾವುದು ಚಲಿಸುತ್ತಿದೆ ಎಂದು ತಿಳಿಯುವುದು. ಕುಲುಕಾಟವಿಲ್ಲದೆ ಒಂದೇ ಸಮ ಹೋಗುವ ಗಾಡಿಯಲ್ಲಿ ಕೂತವನಿಗೆ ಗಾಡಿಯ ಓಟ ಕಾಣುವುದಿಲ್ಲ, ಹೊರಗಿನದರ ಓಟ ಕಾಣುತ್ತದೆ. ಇದನ್ನು ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ದೋಣಿಯ ಹೋಲಿಕೆ ಕೊಟ್ಟು ಬರೆದಿಟ್ಟಿದ್ದಾನೆ. ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ವಸ್ತುಗಳು ಹಿಂದಕ್ಕೆ ಹೋದಂತೆ ಕಾಣುವ ಹಾಗೆ, ಭೂಮಿಯ ಮೇಲಿರುವ ನಮಗೆ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಎಂಬುದು ಅವನ ಮಾತಿನ ಸಾರ. ನಮ್ಮೂರು ಇರುವ ಅಕ್ಷಾಂಶದಲ್ಲಿ ಭೂಮಿಯ ಮೇಲ್ಮೈ ತನ್ನ ಅಕ್ಷದ ಸುತ್ತ ಗಂಟೆಗೆ ಸುಮಾರು 1600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆದ್ದರಿಂದಲೇ ಸೂರ್ಯ, ಚಂದ್ರ, ಚುಕ್ಕೆಗಳೆಲ್ಲ ಪೂರ್ವದಲ್ಲಿ ಮೂಡಿ ಪಶ್ಚಿಮಕ್ಕೆ ಇಳಿಯುತ್ತವೆ.

ಸಾಫ್ಟ್‌ವೇರ್ ಕೆಲಸದಲ್ಲಿ ಏನಾದರೂ ವಿಚಿತ್ರ ಕಂಡರೆ ನಾವು ಕೇಳಿಕೊಳ್ಳುವ ಮೊದಲ ಪ್ರಶ್ನೆ ಒಂದಿದೆ. ಬದಲಾವಣೆ ಆಗಿದ್ದು ಆ ವಸ್ತುವಿನಲ್ಲೋ, ಅಥವಾ ನಾವು ನೋಡುವ ಜಾಗದಲ್ಲೋ? ಆಕಾಶದ ವಿಷಯದಲ್ಲೂ ಇದೇ ಪ್ರಶ್ನೆ ಹಿಡಿದು ಹೊರಟರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ. ಈ ಗೋಷ್ಠಿಯಲ್ಲಿ ನಾನು ಹೇಳುವುದು ಇಷ್ಟೇ.

ಮೊದಲು ನೆರಳಿನಿಂದ ಶುರು ಮಾಡೋಣ. ಒಂದು ಮೀಟರ್ ಎತ್ತರದ ನೆಟ್ಟಗಿನ ಕೋಲನ್ನು ಮೈದಾನದಲ್ಲಿ ನೆಡಿ. ಇವತ್ತು ಮಧ್ಯಾಹ್ನ ಅದರ ಅತಿ ಚಿಕ್ಕ ನೆರಳು ಸುಮಾರು 80 ಸೆಂಟಿಮೀಟರ್ ಇರುತ್ತದೆ, ಉತ್ತರದ ಕಡೆ ಬಿದ್ದಿರುತ್ತದೆ. ಮಾರ್ಚ್ 21ರ ಹೊತ್ತಿಗೆ ಅದು 27 ಸೆಂಟಿಮೀಟರಿಗೆ ಇಳಿಯುತ್ತದೆ. ಮೇ 2ರ ಆಸುಪಾಸು ನೆರಳೇ ಇರುವುದಿಲ್ಲ, ಕೋಲಿನ ಬುಡದಲ್ಲೇ ಅಡಗಿರುತ್ತದೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಆಮೇಲೆ ನೆರಳು ದಕ್ಷಿಣಕ್ಕೆ ಹೊರಳುತ್ತದೆ. ಜೂನ್ 21ಕ್ಕೆ ದಕ್ಷಿಣದಲ್ಲಿ ಸುಮಾರು 14 ಸೆಂಟಿಮೀಟರ್. ಆಗಸ್ಟ್ 11ರ ಆಸುಪಾಸು ಮತ್ತೆ ಮಾಯ. ಬೆಂಗಳೂರಿನಲ್ಲಿ ಈ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತವೆ, ಬೀದರಿನಲ್ಲಿ ಮೇ ಎರಡನೇ ವಾರದಲ್ಲಿ ಮತ್ತು ಆಗಸ್ಟ್ ಮೊದಲಿಗೆ. ದೆಹಲಿಯವರಿಗೆ ಎಂದೂ ಇಲ್ಲ. ಅವರು ಕರ್ಕಾಟಕ ವೃತ್ತದ ಆಚೆ ಇದ್ದಾರೆ, ಅವರ ನೆತ್ತಿಯ ಮೇಲೆ ಸೂರ್ಯ ಬರುವುದೇ ಇಲ್ಲ.

ಇದಕ್ಕೆಲ್ಲ ಕಾರಣ ಭೂಮಿಯ ಅಕ್ಷದ ವಾಲುವಿಕೆ, ಸುಮಾರು 23.4 ಡಿಗ್ರಿ. ವಾಲಿಕೊಂಡೇ ಅದು ಸೂರ್ಯನ ಸುತ್ತ ಹೋಗುತ್ತದೆ. ಜೂನ್‌ನಲ್ಲಿ ಉತ್ತರಾರ್ಧ ಸೂರ್ಯನ ಕಡೆ ಬಾಗಿರುತ್ತದೆ, ಡಿಸೆಂಬರ್‌ನಲ್ಲಿ ದಕ್ಷಿಣಾರ್ಧ. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ, ಅದಕ್ಕೇ ಸೆಕೆ ಎಂಬ ಮಾತು ಬಹಳ ಕಡೆ ಇದೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ಇನ್ನೊಂದು ವಾರಕ್ಕೆ. ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್, ಜುಲೈ ಮೊದಲ ವಾರದಲ್ಲಿ 15.2 ಕೋಟಿ. ಸೂರ್ಯ ಹತ್ತಿರವಿರುವ ಈ ದಿನಗಳಲ್ಲೇ ನಾವು ಬೆಳಿಗ್ಗೆ ಕಂಬಳಿ ಹೊದ್ದು ಕೂರುತ್ತೇವೆ. ಬಿಸಿಲು ನೇರ ಬೀಳುತ್ತದೋ ಓರೆ ಬೀಳುತ್ತದೋ, ಹಗಲು ಎಷ್ಟು ಹೊತ್ತು ಎಂಬುದರ ಮೇಲೆ ಋತು ನಿಂತಿದೆ.

ಇನ್ನೊಂದು ಮಾತು. ಅತಿ ಚಿಕ್ಕ ನೆರಳು ಗಡಿಯಾರದ ಹನ್ನೆರಡಕ್ಕೆ ಬೀಳುವುದಿಲ್ಲ, ಹನ್ನೆರಡೂವರೆಯ ಹತ್ತಿರ ಬೀಳುತ್ತದೆ. ಗಡಿಯಾರ ಕೆಟ್ಟಿಲ್ಲ. ಭಾರತದ ಗಡಿಯಾರವೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿದೆ. ನಾವು ಅದಕ್ಕಿಂತ ಸುಮಾರು 6.6 ಡಿಗ್ರಿ ಪಶ್ಚಿಮದಲ್ಲಿದ್ದೇವೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಗುಣಿಸಿ ನೋಡಿ, ಇಪ್ಪತ್ತಾರು ನಿಮಿಷ ಚಿಲ್ಲರೆ. ಒಂದು ಕೋಲು ನೆಟ್ಟರೆ ನಮ್ಮೂರು ಭೂಪಟದಲ್ಲಿ ಎಲ್ಲಿದೆ ಎಂಬುದನ್ನೇ ಕಂಡುಹಿಡಿಯಬಹುದು.

ಕೋಲೂ ಬೇಡ ಎನ್ನುವವರು ಸಂಜೆ ಶಾಲೆಯ ಹಿಂಬದಿಗೆ ಬನ್ನಿ. ಕಪ್ಪತಗುಡ್ಡದ ಸಾಲು ಕಾಣುತ್ತದಲ್ಲ, ಇವತ್ತು ಸೂರ್ಯ ಅದರ ಎಡಕ್ಕೆ, ದಕ್ಷಿಣದ ಕಡೆ ಮುಳುಗುತ್ತಾನೆ. ಜೂನ್‌ನಲ್ಲಿ ಬಲಕ್ಕೆ, ಉತ್ತರದ ಕಡೆ. ಈ ಎರಡು ತುದಿಗಳ ನಡುವೆ ಸುಮಾರು 49 ಡಿಗ್ರಿ ಅಂತರವಿದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ ಮುಚ್ಚುತ್ತದೆ. ಐದು ಮುಷ್ಟಿಯಷ್ಟು ದೂರವನ್ನು ಸೂರ್ಯ ಆರು ತಿಂಗಳಲ್ಲಿ ದಾಟಿ, ಇನ್ನಾರು ತಿಂಗಳಲ್ಲಿ ಹಿಂದಿರುಗುತ್ತಾನೆ. ಉತ್ತರಾಯಣ, ದಕ್ಷಿಣಾಯನ ಎಂಬ ಹೆಸರು ಬಂದಿದ್ದು ಇದರಿಂದಲೇ. ಅವನ ನಡಿಗೆ ಮೊನ್ನೆ ಡಿಸೆಂಬರ್ 21ಕ್ಕೇ ಉತ್ತರಕ್ಕೆ ತಿರುಗಿಯಾಯಿತು.

ಹಾಗಾದರೆ ಸಂಕ್ರಾಂತಿ ಜನವರಿ 14ಕ್ಕೆ ಯಾಕೆ? ಭೂಮಿ ಬುಗುರಿಯ ಹಾಗೆ. ತಿರುಗುವ ಬುಗುರಿಯ ತಲೆ ನಿಧಾನವಾಗಿ ಒಂದು ಸುತ್ತು ಹಾಕುತ್ತದಲ್ಲ, ಹಾಗೆ ಭೂಮಿಯ ಅಕ್ಷವೂ ಸುಮಾರು 26 ಸಾವಿರ ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಇದರಿಂದ ನಕ್ಷತ್ರಗಳ ಲೆಕ್ಕದ ವರ್ಷಕ್ಕೂ ಋತುಗಳ ಲೆಕ್ಕದ ವರ್ಷಕ್ಕೂ ಸಣ್ಣ ವ್ಯತ್ಯಾಸ ಬರುತ್ತದೆ, ಸುಮಾರು 72 ವರ್ಷಕ್ಕೆ ಒಂದು ದಿನ. ಹದಿನೇಳು ಶತಮಾನಗಳ ಹಿಂದೆ ಸೂರ್ಯ ಮಕರ ರಾಶಿಗೆ ಬರುವ ದಿನವೂ ಉತ್ತರಕ್ಕೆ ತಿರುಗುವ ದಿನವೂ ಒಂದೇ ಆಗಿದ್ದವು. ಈಗ ಇಪ್ಪತ್ಮೂರು-ಇಪ್ಪತ್ನಾಲ್ಕು ದಿನ ಬೇರೆಯಾಗಿವೆ. ನಮ್ಮ ಹಿರಿಯರ ಲೆಕ್ಕ ಸುಳ್ಳಲ್ಲ. ಲೆಕ್ಕ ಹಾಕಿದವರು ನಿಂತಿದ್ದ ನೆಲವೇ ನಿಧಾನವಾಗಿ ಹೊರಳಿದೆ.

ರೈತರಿಗೆ ನಕ್ಷತ್ರದ ಲೆಕ್ಕ ನಾನು ಹೇಳಿಕೊಡಬೇಕಿಲ್ಲ. ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರ ಮಳೆ ಎನ್ನುತ್ತೇವೆ. ಭೂಮಿ ಸೂರ್ಯನ ಸುತ್ತ ಹೋಗುವಾಗ ಸೂರ್ಯನ ಬೆನ್ನ ಹಿಂದಿನ ನಕ್ಷತ್ರಗಳು ಬದಲಾಗುತ್ತ ಹೋಗುತ್ತವೆ. ಅವನು ಮೃಗಶಿರದ ಮುಂದೆ ಬಂದಂತೆ ಕಾಣುವ ದಿನಗಳಲ್ಲಿ ಬೀಳುವ ಮಳೆ ಮಿರಗದ ಮಳೆ. ಅದು ಜೂನ್ 8ರ ಹೊತ್ತಿಗೆ ಶುರು. ಇಪ್ಪತ್ತೇಳು ನಕ್ಷತ್ರಗಳಿಗೆ ವರ್ಷವನ್ನು ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಅಂದರೆ ಭೂಮಿ ತನ್ನ ದಾರಿಯಲ್ಲಿ ಎಲ್ಲಿದೆ ಎಂಬುದನ್ನು ನಮ್ಮ ಅಜ್ಜಂದಿರು ಮಳೆಯ ಹೆಸರಿನಲ್ಲಿ ನೆನಪಿಟ್ಟಿದ್ದರು.

ಈಗ ಚಂದ್ರನಿಗೆ ಬರೋಣ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದು ಒಂದು ವಾರವಾಯಿತು. ಇವತ್ತು ಸಂಜೆ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಕೂತಾಗ ಒಮ್ಮೆ ತಲೆ ಎತ್ತಿ. ಸೂರ್ಯ ಮುಳುಗುವ ಹೊತ್ತಿಗೆ ನೆತ್ತಿಯ ಹತ್ತಿರ ಅರ್ಧ ಚಂದ್ರ ಇರುತ್ತಾನೆ, ಬೆಳಗಿದ ಅರ್ಧ ಪಶ್ಚಿಮದ ಕಡೆ, ಸೂರ್ಯನ ಕಡೆಗೇ. ಭೂಮಿಯ ನೆರಳು ಬಿದ್ದು ಚಂದ್ರ ಚಿಕ್ಕದಾಗುತ್ತಾನೆ ಎಂದು ತಿಳಿದವರು ಇದ್ದಾರೆ. ಇವತ್ತಿನ ಚಂದ್ರನನ್ನೇ ನೋಡಿ ಯೋಚಿಸಿ. ಸೂರ್ಯ ಪಶ್ಚಿಮದಲ್ಲಿದ್ದರೆ ಭೂಮಿಯ ನೆರಳು ಪೂರ್ವಕ್ಕೆ ಚಾಚಿರುತ್ತದೆ. ನೆತ್ತಿಯ ಮೇಲಿನ ಚಂದ್ರನಿಗೆ ಅದು ಮುಟ್ಟುವುದು ಹೇಗೆ? ಚಂದ್ರನ ಅರ್ಧ ಭಾಗ ಸದಾ ಬೆಳಗಿರುತ್ತದೆ. ಆ ಬೆಳಗಿದ ಅರ್ಧದಲ್ಲಿ ಎಷ್ಟು ನಮಗೆ ಕಾಣುತ್ತದೆ ಎಂಬುದಷ್ಟೇ ಬದಲಾಗುತ್ತದೆ. ನಮ್ಮ ವಿಜ್ಞಾನದ ಮೇಷ್ಟ್ರು ಕರೆಂಟ್ ಇಲ್ಲದ ಒಂದು ಮಧ್ಯಾಹ್ನ ಕಿಟಕಿ ಮುಚ್ಚಿಸಿ, ಕಂದೀಲು ಹಚ್ಚಿಟ್ಟು, ಒಂದು ಮೋಸಂಬಿ ಹಿಡಿದು ತಿರುಗಿಸಿ ಇದನ್ನು ತೋರಿಸಿದ್ದರು. ಆಮೇಲೆ ಆ ಮೋಸಂಬಿಯನ್ನು ಸುಲಿದು ಹಂಚಿದರು.

ನಾಳೆ ಇದೇ ಹೊತ್ತಿಗೆ ನೋಡಿದರೆ ಚಂದ್ರ ಸುಮಾರು ಹನ್ನೆರಡು ಡಿಗ್ರಿ, ಒಂದು ಮುಷ್ಟಿಗಿಂತ ತುಸು ಹೆಚ್ಚು, ಪೂರ್ವಕ್ಕೆ ಸರಿದಿರುತ್ತಾನೆ. ಎಲ್ಲವೂ ಪಶ್ಚಿಮಕ್ಕೆ ಹೋಗುತ್ತಿರುವಂತೆ ಕಾಣುವ ಆಕಾಶದಲ್ಲಿ ಚಂದ್ರನ ಈ ಪೂರ್ವದ ನಡಿಗೆ ಅವನ ಸ್ವಂತದ್ದು. ಅದಕ್ಕೇ ಅವನು ದಿನಾ ಸರಾಸರಿ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ಭೂಮಿಯ ಸುತ್ತ ಒಂದು ಸುತ್ತು ಬರಲು ಅವನಿಗೆ 27.3 ದಿನ ಸಾಕು. ಆದರೆ ಅಷ್ಟರಲ್ಲಿ ಭೂಮಿಯೇ ಮುಂದೆ ಹೋಗಿರುತ್ತದೆ. ಸೂರ್ಯನ ಎದುರಿಗೆ ಅದೇ ಸ್ಥಾನಕ್ಕೆ ಬರಲು ಇನ್ನೆರಡು ದಿನ ನಡೆಯಬೇಕು. ಆದ್ದರಿಂದ ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಈ ಶಾಲೆ ಇದುವರೆಗೆ ಸುಮಾರು 618 ಹುಣ್ಣಿಮೆ ಕಂಡಿದೆ.

ಚಂದ್ರನ ಮೇಲಿನ ಮೊಲ ಯಾವಾಗಲೂ ಅದೇ ಮೊಲ. ಚಂದ್ರ ತಿರುಗುವುದಿಲ್ಲ ಎಂದು ಇದರ ಅರ್ಥವಲ್ಲ. ಒಬ್ಬ ಹುಡುಗ ಧ್ವಜಸ್ತಂಭದ ಕಡೆಗೇ ಮುಖ ಇಟ್ಟುಕೊಂಡು ಅದರ ಸುತ್ತ ಒಂದು ಸುತ್ತು ಬರಲಿ. ಸ್ತಂಭಕ್ಕೆ ಅವನ ಬೆನ್ನು ಕಾಣಲೇ ಇಲ್ಲ. ಆದರೆ ಅವನು ನಾಲ್ಕೂ ದಿಕ್ಕಿಗೆ ಮುಖ ಮಾಡಿ ಬಂದಿರುತ್ತಾನೆ. ಒಂದು ಸುತ್ತು ಬರುವುದರಲ್ಲಿ ತಾನೂ ಒಂದು ಸಲ ತಿರುಗಿದ್ದಾನೆ. ಚಂದ್ರನದೂ ಹೀಗೆ. ಅವನ ಬೆನ್ನಿನ ಭಾಗವನ್ನು ಮನುಷ್ಯ ಮೊದಲು ಕಂಡದ್ದು 1959ರಲ್ಲಿ, ರಷ್ಯಾದ ಲೂನಾ 3 ನೌಕೆ ಕಳಿಸಿದ ಚಿತ್ರಗಳಲ್ಲಿ. ಚಂದ್ರ ಹೀಗೆ ನಿಧಾನ ತಿರುಗುವುದರಿಂದ ಅಲ್ಲಿ ಹಗಲು ನಮ್ಮ ಹದಿನಾಲ್ಕು ದಿನ, ರಾತ್ರಿಯೂ ಅಷ್ಟೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಬಿಸಿಲಿನಿಂದ ವಿದ್ಯುತ್ ಮಾಡಿಕೊಳ್ಳುವ ಆ ಯಂತ್ರಕ್ಕೆ ಇಡೀ ಹಗಲು ಸಿಗಲಿ ಎಂದು, ಇಳಿಯುವ ಜಾಗದಲ್ಲಿ ಬೆಳಗಾಗುವ ಸಮಯ ನೋಡಿಯೇ ದಿನ ಗೊತ್ತುಮಾಡಿದ್ದರು. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಕತ್ತಲಾಗುವ ಮುನ್ನ ಯಂತ್ರಗಳನ್ನು ಮಲಗಿಸಿದರು.

ಕೆಲಸದ ಮೇಲೆ ನಾನು ಒಂದೂವರೆ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದೆ. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ಉತ್ತರದಲ್ಲಿ. ಹುಣ್ಣಿಮೆಯ ಚಂದ್ರನಲ್ಲಿ ನಮ್ಮ ಮೊಲ ತಲೆಕೆಳಗು. ಮೊಲ ಹೊರಳಿರಲಿಲ್ಲ, ನಾನು ಗೋಲದ ಇನ್ನೊಂದು ಬದಿಗೆ ಹೋಗಿ ನಿಂತಿದ್ದೆ. ಅಲ್ಲಿನ ಒಬ್ಬ ಸಹೋದ್ಯೋಗಿಗೆ ನಮ್ಮೂರಿನ ಚಂದ್ರನ ಫೋಟೊ ತೋರಿಸಿದರೆ, “ನಿಮ್ಮ ಊರಲ್ಲಿ ಚಂದ್ರ ಉಲ್ಟಾ” ಎಂದ. ಅವನ ಮಾತೂ ಸರಿಯೇ.

ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಹನ್ನೊಂದು ದಿನವನ್ನು ಏನು ಮಾಡಬೇಕು ಎಂಬುದಕ್ಕೆ ನಮ್ಮ ಊರಿನಲ್ಲೇ ಎರಡು ಉತ್ತರಗಳಿವೆ. ಪಂಚಾಂಗದವರು ಅದನ್ನು ಕೂಡಿಡುತ್ತ ಬಂದು, ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ. ಹಾಗಾಗಿ ದೀಪಾವಳಿ ಹಿಂದುಮುಂದಾದರೂ ಹಿಂಗಾರಿನ ಹೊತ್ತನ್ನು ಬಿಟ್ಟು ಹೋಗುವುದಿಲ್ಲ. ಹಿಜರಿ ಲೆಕ್ಕದಲ್ಲಿ ಅಧಿಕ ಮಾಸವಿಲ್ಲ. ಆದ್ದರಿಂದ ನಾವೆಲ್ಲ ಸೇರಿ ಕುಣಿಯುವ ಮೊಹರಂ, ರಂಜಾನ್ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು ಮೂವತ್ಮೂರು ವರ್ಷದಲ್ಲಿ ಬೇಸಿಗೆ, ಮಳೆ, ಚಳಿ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತವೆ. ಚಂದ್ರ ಒಬ್ಬನೇ, ಲೆಕ್ಕ ಎರಡು. ಎರಡೂ ಸರಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ತಿಳಿದರೆ ಸಂತೋಷ, ತಿಳಿಯದಿದ್ದರೆ ನಷ್ಟವೇನಿಲ್ಲ ಎಂದು ಕೆಲವರಿಗೆ ಅನ್ನಿಸಿರಬಹುದು. ಗ್ರಹಣದ ವಿಷಯಕ್ಕೆ ಬಂದರೆ ನಷ್ಟ ಇದೆ.

ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, 400 ಪಟ್ಟು ದೂರದಲ್ಲೂ ಇದ್ದಾನೆ. ಆದ್ದರಿಂದ ನಮಗೆ ಇಬ್ಬರೂ ಒಂದೇ ಗಾತ್ರ ಕಾಣುತ್ತಾರೆ. ಅಮಾವಾಸ್ಯೆಯಂದು ಚಂದ್ರ ಸರಿಯಾಗಿ ನಡುವೆ ಬಂದರೆ ಸೂರ್ಯಗ್ರಹಣ, ಹುಣ್ಣಿಮೆಯಂದು ಭೂಮಿಯ ನೆರಳಿಗೆ ಚಂದ್ರ ಹೊಕ್ಕರೆ ಚಂದ್ರಗ್ರಹಣ. ತಿಂಗಳು ತಿಂಗಳೂ ಯಾಕಿಲ್ಲ? ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ. ಎರಡು ದಾರಿ ಕೂಡುವ ಜಾಗಗಳು ಎರಡೇ. ನಮ್ಮ ಹಳೆಯ ಗಣಿತಜ್ಞರು ಆ ಎರಡು ಬಿಂದುಗಳಿಗೆ ಇಟ್ಟ ಹೆಸರು ರಾಹು ಮತ್ತು ಕೇತು. ಅಮಾವಾಸ್ಯೆಯೋ ಹುಣ್ಣಿಮೆಯೋ ಆ ಬಿಂದುಗಳ ಹತ್ತಿರ ಆದಾಗ ಮಾತ್ರ ಗ್ರಹಣ. ನುಂಗುವವರು ಯಾರೂ ಇಲ್ಲ.

1980ರ ಫೆಬ್ರುವರಿ 16. ಶಾಲೆಗೆ ಆಗ ಐದು ವರ್ಷ. ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರು ಹೀಗೆ ಒಂದು ಪಟ್ಟಿಯ ಮೇಲೆ ಚಂದ್ರನ ಪೂರ್ಣ ನೆರಳು ಹಾದುಹೋಯಿತು. ನಮ್ಮೂರು ಆ ಪಟ್ಟಿಯೊಳಗೇ ಇತ್ತು. ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ ಎರಡು ನಿಮಿಷಕ್ಕೂ ಮಿಕ್ಕಿ ಸೂರ್ಯ ಪೂರ್ತಿ ಮುಚ್ಚಿಹೋದ. ಇದನ್ನು ನೋಡಲೆಂದೇ ವಿಜ್ಞಾನಿಗಳು ದೂರದಿಂದ ಉಪಕರಣ ಹೊತ್ತು ಈ ಸೀಮೆಗೆ ಬಂದು ಬೀಡುಬಿಟ್ಟಿದ್ದರು. ಒಂದೇ ಊರಿನ ಮೇಲೆ ಪೂರ್ಣ ಸೂರ್ಯಗ್ರಹಣ ಮತ್ತೆ ಬರಲು ಸರಾಸರಿ ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕು. ಅಂಥದ್ದು ನಮ್ಮ ಅಂಗಳಕ್ಕೇ ಬಂದಾಗ ಊರಿಗೆ ಊರೇ ಕದ ಹಾಕಿಕೊಂಡು, ಕಿಟಕಿಗೆ ಚಾದರ ಕಟ್ಟಿಕೊಂಡು ಕೂತಿತ್ತು ಎಂದು ಅಪ್ಪ ಹೇಳುತ್ತಾರೆ. ಹಗಲಲ್ಲೇ ಹಕ್ಕಿ ಗೂಡಿಗೆ ಹಾರಿದ ಸದ್ದು ಕೇಳಿತಂತೆ, ಕಣ್ಣಿಗೆ ಏನೂ ಕಾಣಲಿಲ್ಲ. ಈ ಸಭೆಯಲ್ಲಿ ಆವತ್ತು ಊರಲ್ಲಿದ್ದವರು ಬಹಳ ಜನ ಇದ್ದೀರಿ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಧೈರ್ಯ ಹೇಳಿ ಹೊರಗೆ ಕರೆದು ತೋರಿಸುವವರು ಅವರಿಗೆ ಸಿಗಲಿಲ್ಲ, ಅಷ್ಟೇ.

2019ರ ಡಿಸೆಂಬರ್ 26ರಂದು ಇನ್ನೊಂದು ಬಂತು. ಆಗ ಚಂದ್ರ ನಮಗೆ ಸ್ವಲ್ಪ ದೂರ ಇದ್ದ, ಸೂರ್ಯನನ್ನು ಪೂರ್ತಿ ಮುಚ್ಚಲಾಗಲಿಲ್ಲ. ಮಂಗಳೂರು, ಕೊಡಗಿನ ಕುಟ್ಟ ಕಡೆಯವರಿಗೆ ಬೆಂಕಿಯ ಬಳೆಯ ಹಾಗೆ ಕಂಡಿತು, ಉಳಿದ ನಮಗೆ ಪಾರ್ಶ್ವವಾಗಿ. ನನ್ನ ಹೆಂಡತಿ ಆಗ ಆರು ತಿಂಗಳ ಬಸುರಿ. ಹಿಂದಿನ ದಿನದಿಂದಲೇ ಊರಿನಿಂದ ಫೋನ್ ಮೇಲೆ ಫೋನ್. ರಾತ್ರಿಯಿಂದ ಅನ್ನ ಬೇಡ, ನೀರು ಬೇಡ, ಕತ್ತರಿ ಮುಟ್ಟಬೇಡ, ಅಲುಗಾಡದೆ ಕೋಣೆಯಲ್ಲಿ ಮಲಗು. ಅವ್ವನ ದನಿಯಲ್ಲಿದ್ದ ಅಂಜಿಕೆ ನಿಜವಾದದ್ದು, ಅದು ಮೊಮ್ಮಗುವಿನ ಮೇಲಿನ ಪ್ರೀತಿ. ನಾವು ವೈದ್ಯರನ್ನು ಕೇಳಿದೆವು. ಬಸುರಿ ಹೆಂಗಸು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ನೀರು ಕುಡಿಯದಿದ್ದರೆ ಅದೇ ಅಪಾಯ, ಸೂರ್ಯನನ್ನು ಬರಿಗಣ್ಣಿನಿಂದ ಮಾತ್ರ ಯಾರೂ ನೋಡಬಾರದು ಎಂದರು. ಅವಳು ಬೆಳಿಗ್ಗೆ ಉಪ್ಪಿಟ್ಟು ತಿಂದು, ಹಿಟ್ಟಿನ ಜರಡಿ ಹಿಡಿದು ಟೆರೇಸಿಗೆ ಬಂದಳು. ಜರಡಿಯ ಒಂದೊಂದು ತೂತಿನಿಂದಲೂ ನೆಲದ ಮೇಲೆ ಒಂದೊಂದು ಕುಡುಗೋಲಿನಂಥ ಪುಟ್ಟ ಸೂರ್ಯ ಬಿದ್ದಿತ್ತು. ನೂರಾರು ಸೂರ್ಯ. ವೀಡಿಯೊ ಕರೆಯಲ್ಲಿ ಅದನ್ನು ಅವ್ವನಿಗೂ ತೋರಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಬೇವಿನ ಮರದ ಬುಡಕ್ಕೂ ಹೀಂಗ ಬಿದ್ದಾವಲ್ಲೋ” ಎಂದಳು. ಎಲೆಗಳ ಸಂದಿಯೂ ಜರಡಿಯ ತೂತಿನ ಕೆಲಸವನ್ನೇ ಮಾಡುತ್ತದೆ. ಮಗಳು ಈಗ ಶಾಲೆಗೆ ಹೋಗುತ್ತಾಳೆ.

ಗ್ರಹಣದ ಹೊತ್ತಿನಲ್ಲಿ ತಟ್ಟೆಯಲ್ಲಿ ಒನಕೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಗ್ರಹಣ ಹಿಡಿದಾಗ ಮಾತ್ರ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬ ನಂಬಿಕೆ. ಮಕ್ಕಳೆ, ನಾಳೆ ಭಾನುವಾರ, ಯಾವ ಗ್ರಹಣವೂ ಇಲ್ಲ. ಬುಡ ಸಮತಟ್ಟಾಗಿರುವ ಒನಕೆ ತೆಗೆದುಕೊಂಡು ಸಮನೆಲದ ಮೇಲೆ ನಿಧಾನವಾಗಿ ನಿಲ್ಲಿಸಿ ನೋಡಿ. ಬೈದು ಹೇಳುವುದಕ್ಕಿಂತ, ಮಾಡಿ ನೋಡುವುದು ಮೇಲು.

ಈ ವರ್ಷದ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣವಾಯಿತು. ಮೋಡವಿಲ್ಲದ ಕಡೆ ಹನ್ನೊಂದರಿಂದ ಹನ್ನೆರಡೂಕಾಲು ದಾಟುವವರೆಗೆ ಚಂದ್ರ ತಾಮ್ರದ ಬಣ್ಣಕ್ಕಿದ್ದ. ಭೂಮಿಯ ಅಂಚಿನ ಗಾಳಿಯಲ್ಲಿ ಬಾಗಿ ಹೋದ ಕೆಂಪು ಬೆಳಕು ಅದು. ಆ ಹೊತ್ತಿಗೆ ಜಗತ್ತಿನಲ್ಲಿ ಎಲ್ಲೆಲ್ಲಿ ಸೂರ್ಯ ಮೂಡುತ್ತಿದ್ದನೋ ಮುಳುಗುತ್ತಿದ್ದನೋ, ಅಲ್ಲಿನ ಕೆಂಪೆಲ್ಲ ಚಂದ್ರನ ಮೇಲೆ ಬಿದ್ದಿತ್ತು. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ಎಷ್ಟು ಹೊತ್ತು ಬೇಕಾದರೂ ನೋಡಬಹುದು. 2028ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷಕ್ಕೆ ಕಾಯುವ ಹೊತ್ತಿನಲ್ಲೇ, ಮತ್ತೊಂದು ಪೂರ್ಣ ಚಂದ್ರಗ್ರಹಣ ನಮಗೆ ಕಾಣುತ್ತದೆ. 2031ರ ಮೇ 21ರಂದು ಕೇರಳ, ತಮಿಳುನಾಡಿನ ಕೆಲ ಭಾಗಗಳಲ್ಲಿ ಕಂಕಣ ಸೂರ್ಯಗ್ರಹಣ, ನಮಗೆ ಪಾರ್ಶ್ವ. ಸೂರ್ಯಗ್ರಹಣಕ್ಕೆ ಮಾತ್ರ ಪ್ರಮಾಣಿತ ಕನ್ನಡಕ ಬೇಕು, ಇಲ್ಲವೇ ಜರಡಿ. ಎಕ್ಸ್-ರೇ ಹಾಳೆ, ಮಸಿ ಹಿಡಿಸಿದ ಗಾಜು, ಸಗಣಿ ನೀರು ಯಾವುದೂ ಬೇಡ.

1980ರ ಗ್ರಹಣದ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಭೂಮಿ, ಚಂದ್ರ, ಸೂರ್ಯ ಮೂವರೂ ಸುಮಾರು 18 ವರ್ಷ, 11 ದಿನ, 8 ಗಂಟೆಗೆ ಒಮ್ಮೆ ಹೆಚ್ಚುಕಡಿಮೆ ಅದೇ ಸ್ಥಾನಕ್ಕೆ ಬರುತ್ತಾರೆ, ಅದೇ ಬಗೆಯ ಗ್ರಹಣ ಮರುಕಳಿಸುತ್ತದೆ. ಆದರೆ ಆ ಎಂಟು ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಹಾಗಾಗಿ ನಮ್ಮ ಗ್ರಹಣ 1998ರ ಫೆಬ್ರುವರಿ 26ಕ್ಕೆ ಕೆರಿಬಿಯನ್ ಸಮುದ್ರದ ಕಡೆ ಬಂತು. 2016ರ ಮಾರ್ಚ್ 9ಕ್ಕೆ ಇಂಡೋನೇಷ್ಯಾದಲ್ಲಿ. ಮೂರು ಮೂರನೇ ಒಂದು ಸೇರಿದರೆ ಪೂರ್ತಿ ಸುತ್ತು. 2034ರ ಮಾರ್ಚ್ 20ರಂದು ಅದು ಮತ್ತೆ ನಮ್ಮ ದೇಶಕ್ಕೆ ಬರುತ್ತದೆ. ಈ ಸಲ ನೆರಳಿನ ದಾರಿ ಉತ್ತರಕ್ಕೆ ಸರಿದು ಕಾಶ್ಮೀರ, ಲಡಾಖ್ ಕಡೆ ಹಾಯುತ್ತದೆ. 1980ರಲ್ಲಿ ಕದ ಹಾಕಿಕೊಂಡು ಕೂತಿದ್ದ ಊರಿನಿಂದ ಹತ್ತು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸೋಣ ಎಂದು ನಮ್ಮ ಬ್ಯಾಚಿನ ಗೆಳೆಯರು ಮಾತಾಡಿಕೊಂಡಿದ್ದೇವೆ. ಎಂಟು ವರ್ಷ ಸಮಯ ಇದೆ, ಹಣ ಕೂಡಿಸಬಹುದು.

ಕೊನೆಯದಾಗಿ ಒಂದು ಕೋರಿಕೆ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ, ಎಲ್ಲರೂ ತಾಲ್ಲೂಕಿನ ಶಾಲೆಗೆ ಬಸ್ ಹತ್ತುತ್ತಿದ್ದಾರೆ ಎಂಬ ಮಾತು ಬೆಳಗಿನಿಂದ ಈ ವೇದಿಕೆಯಲ್ಲಿ ಬಂತು. ಸ್ಮಾರ್ಟ್ ಬೋರ್ಡ್ ಕೊಡಿಸುವ ಮಾತೂ ಬಂತು, ಅದೂ ಬರಲಿ, ನನ್ನ ಪಾಲು ಕೊಡುತ್ತೇನೆ. ಆದರೆ ಬೆಂಗಳೂರಿನಲ್ಲಿ ನನ್ನ ಮಗಳು ಓದುವ ಶಾಲೆಗೆ ಇಲ್ಲದ ಒಂದು ಆಸ್ತಿ ಈ ಶಾಲೆಗೆ ಇದೆ. ಪೂರ್ವಕ್ಕೆ ಅಡ್ಡವಿಲ್ಲದ ಹೊಲ, ಪಶ್ಚಿಮಕ್ಕೆ ಗುಡ್ಡದ ಸಾಲು, ನಡುವೆ ತೆರೆದ ಆಕಾಶ. ಮೈದಾನದ ಮೂಲೆಯಲ್ಲಿ ಒಂದು ಮೀಟರಿನ ಕಬ್ಬಿಣದ ಕಂಬ ಮತ್ತು ಅದರ ಸುತ್ತ ಸಮತಟ್ಟಾದ ಕಟ್ಟೆ ಹಾಕಿಸಿಕೊಡುತ್ತೇನೆ. ವಾರಕ್ಕೊಮ್ಮೆ ಮಧ್ಯಾಹ್ನದ ಚಿಕ್ಕ ನೆರಳು ಎಷ್ಟು, ಸಂಜೆ ಸೂರ್ಯ ಗುಡ್ಡದ ಯಾವ ಕಡೆ ಮುಳುಗಿದ, ಚಂದ್ರ ಎಲ್ಲಿದ್ದ ಎಂದು ಮಕ್ಕಳು ಒಂದು ರಿಜಿಸ್ಟರಿನಲ್ಲಿ ಬರೆಯಲಿ. ಬರೆದವರ ಹೆಸರೂ ಇರಲಿ. ಎಂಟನೇ ತರಗತಿಯವರು ಬರೆದು ಮುಂದಿನ ಎಂಟನೇ ತರಗತಿಯವರಿಗೆ ಒಪ್ಪಿಸಲಿ. ಮೊದಲ ನಮೂದನ್ನು ಇವತ್ತೇ ಮಾಡಬಹುದು. ನನ್ನ ಮಾತು ಮುಗಿದ ಮೇಲೆ ಊಟಕ್ಕೆ ಏಳುವ ಹೊತ್ತಿಗೆ ಸರಿಯಾಗಿ ಹನ್ನೆರಡೂವರೆ ಆಗುತ್ತದೆ.

ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿಟ್ಟು ಬಂದ ಕನ್ನಡಿಗೆ ಲೇಸರ್ ಬೆಳಕು ಬಿಟ್ಟು ಇದನ್ನು ಅಳೆಯುತ್ತಾರೆ. ಈ ಶಾಲೆ ಶುರುವಾದಾಗ ಇದ್ದುದಕ್ಕಿಂತ ಇವತ್ತಿನ ಚಂದ್ರ ಒಂದಾಳು ದೂರ ಹೋಗಿದ್ದಾನೆ. ನೂರನೇ ವರ್ಷದ ಹೊತ್ತಿಗೆ ಇನ್ನೊಂದಾಳು. ಅಷ್ಟರಲ್ಲಿ ನಮ್ಮ ರಿಜಿಸ್ಟರಿನಲ್ಲಿ ಐವತ್ತು ವರ್ಷದ ನೆರಳು ಇರಲಿ.

 ಕೋಲು ಸಿಕ್ಕಿದೆಯಂತೆ, ಮಕ್ಕಳೆ, ಬನ್ನಿ ಹೊರಗೆ ಹೋಗೋಣ.